ಹುಳುಮನೆಯಲ್ಲೊಂದು ಕಂಪ್ಯೂಟರ್

1 ಏಪ್ರಿಲ್ 2007, ಭಾನುವಾರ

ಅತ್ತಿಗೆ ಈ ನೋಟ್‌ಬುಕ್ ಕೊಟ್ಟರು. ಅವರು ಪಿಯುಸಿ ಓದುವಾಗ ಉಳಿದದ್ದು. ಮೊದಲ ನಾಲ್ಕು ಹಾಳೆಯಲ್ಲಿ ಅವರ ಇತಿಹಾಸದ ಪಾಠ ಇದೆ.

"ನೀನು ಬಾಯಿ ಬಿಟ್ಟು ಮಾತಾಡಲ್ಲ ಚಲಪತಿ. ಬರೆದಾದ್ರೂ ಬರಿ. ಅಕ್ಷರ ಕೈಬಿಟ್ಟು ಹೋಗ್ಬಾರ್ದು," ಅಂದರು.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅವತ್ತಿನಿಂದ ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು, ರೇಷ್ಮೆ ಹುಳುಗಳಿಗೆ ಹಾಕುವುದು, ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯುವುದು. ಯಾರಾದರೂ ನನ್ನ ಮುಖ ನೋಡಿ ಏನಾದರೂ ಕೇಳಿದರೆ ನಾಲಗೆ ಒಣಗುತ್ತದೆ.

ಅಣ್ಣ ರಮೇಶ್‌ಬಾಬು ಚಿಕ್ಕಬಳ್ಳಾಪುರದಲ್ಲಿ ಗುಮಾಸ್ತ. ಆಫೀಸಿನವರೆಲ್ಲ ತಗೊಂಡರು ಎಂದು ಹೋದ ವರ್ಷ ತಾನೂ ಒಂದು ಕಂಪ್ಯೂಟರ್ ತಂದ. ಒಂದು ತಿಂಗಳು ಇಸ್ಪೀಟ್ ಆಡಿದ. ಆಮೇಲೆ ಅದರ ಮೇಲೆ ಹಳೇ ಪಂಚೆ ಮುಚ್ಚಿದ. ಆ ಪಂಚೆ ತೆಗೆದವನು ನಾನು.

ಇವತ್ತು ಅಣ್ಣ ನನ್ನನ್ನು ಚಿಕ್ಕಬಳ್ಳಾಪುರದ ಜಗನ್ ಅಂಗಡಿಗೆ ಕರೆದುಕೊಂಡು ಹೋಗಿದ್ದ. ಜಗನ್ ಕಂಪ್ಯೂಟರ್ ಜೋಡಿಸಿ ಕೊಡುವವನು. ಅವನ ಗೋಡೆಯ ಮೇಲೆ ಒಂದು ಬಿಳಿ ಬೋರ್ಡು, ಅದರಲ್ಲಿ ಹತ್ತು ಹೆಸರು, ಪ್ರತಿ ಹೆಸರಿನ ಮುಂದೆ ಕಾಲೇಜು, ಕೊನೆಗೆ ಒಂದು ಅಂಕಿ. ಒಂದು ಪ್ರೋಗ್ರಾಮ್ ಇದೆಯಂತೆ. ಅದನ್ನು ಓಡಿಸಿದರೆ ಪರದೆಯ ಮೇಲೆ ಸಮುದ್ರ, ಹಡಗು, ಗುಹೆ ಎಲ್ಲ ಬಂದು ಹೋಗುತ್ತವೆ. ನಮ್ಮ ಯಂತ್ರ ಆ ಚಿತ್ರಗಳನ್ನು ಎಷ್ಟು ಬೇಗ, ಎಷ್ಟು ಚೆನ್ನಾಗಿ ಬರೆಯಿತು ಎಂದು ನೋಡಿ ಕೊನೆಗೆ ಅಂಕ ಕೊಡುತ್ತದೆ. ಬೋರ್ಡಿನಲ್ಲಿ ಹತ್ತನೆಯವನ ಅಂಕ 4,310.

ಜಗನ್ ಸಿ.ಡಿ. ಕೊಟ್ಟ. "ತಗೊಂಡೋಗಿ ಹಾಕ್ನೋಡು ಗುರು. ನಿಮ್ಮನೆ ಡಬ್ಬ ಉಸಿರು ಬಿಡತ್ತಾ ನೋಡಣ," ಅಂದ. ಅಲ್ಲಿದ್ದ ಹುಡುಗರು ನಕ್ಕರು. ನಾನು ಚಪ್ಪಲಿ ನೋಡಿಕೊಂಡು ನಿಂತಿದ್ದೆ.

ಮನೆಗೆ ಬಂದು ಓಡಿಸಿದೆ. 3,642.

4 ಏಪ್ರಿಲ್, ಬುಧವಾರ

ಎರಡನೇ ಜ್ವರ ಎದ್ದ ಹುಳು ಬಂದವು. ಹುಳು ಪೊರೆ ಬಿಡುವುದಕ್ಕೆ ಮೊದಲು ಸೊಪ್ಪು ಬಿಟ್ಟು ಒಂದು ದಿನ ಅಲ್ಲಾಡದೆ ಮಲಗುವುದನ್ನು ನಾವು ಜ್ವರ ಅನ್ನುತ್ತೇವೆ. ನಾಲ್ಕು ಜ್ವರ ಕಳೆದು ಎಂಟು ದಿನ ತಿಂದರೆ ಹಣ್ಣಾಗಿ ಗೂಡು ಕಟ್ಟುತ್ತವೆ.

ಈ ಬೆಳೆ ಅತ್ತಿಗೆಯದು. ಅವರ ಹೆಸರು ಶೈಲಜಾ. ಮದುವೆಯಾಗಿ ಒಂದು ವರ್ಷವಾಯಿತು. ತವರು ಪೆರೇಸಂದ್ರ. ಅಲ್ಲಿ ಅವರ ಮನೆಯಲ್ಲಿ ಹುಳು ಸಾಕುವುದಿಲ್ಲ. ಅವರಿಗೆ ಚಿಂತಾಮಣಿಯಲ್ಲಿ ಡಿ.ಎಡ್ ಓದಿ ಮೇಷ್ಟ್ರಾಗುವ ಆಸೆ. ಅಮ್ಮ ಚಿಕ್ಕವೆಂಕಟಮ್ಮನಿಗೆ ಅದು ಹಿಡಿಸದು. ಯುಗಾದಿಯ ದಿನ ಅಪ್ಪ ಆವಲಪ್ಪ ಊಟಕ್ಕೆ ಕೂತಾಗ ತೀರ್ಮಾನ ಹೇಳಿಬಿಟ್ಟರು.

"ನೋಡಮ್ಮ, ಮುಂದಿನ ಬೆಳೆ ಪೂರಾ ನೀನೇ ನಿಂತ್ಕೊಂಡು ತೆಗಿ. ಗೂಡು ಮಾರ್ಕೆಟ್ ಸೇರಲಿ. ಅವತ್ತೇ ಬಂದು ಅರ್ಜಿ ಬರೆಸ್ತೀನಿ. ಯಾರೇನಂದ್ರೂ ನಾನು ಕೇಳಲ್ಲ."

ಯಾರು ಅಂತ ಎಲ್ಲರಿಗೂ ಗೊತ್ತಿತ್ತು. ಅಮ್ಮ ಅನ್ನ ಬಡಿಸುತ್ತಲೇ ಇದ್ದರು.

ಇವತ್ತು ಅತ್ತಿಗೆ ಒಂದೊಂದು ತಟ್ಟೆಯನ್ನೂ ಹಾಲಿನ ಪಾತ್ರೆ ಹಿಡಿದ ಹಾಗೆ ಹಿಡಿದು ಸ್ಟ್ಯಾಂಡಿಗೆ ಏರಿಸಿದರು.

ಅಂಕ 3,701. ಪರದೆಯ ಮೇಲಿನ ಅಣ್ಣನ ಮದುವೆ ಫೋಟೊ ತೆಗೆದು ಹಾಕಿದ್ದಕ್ಕೆ ಅಷ್ಟು ಏರಿತು.

8 ಏಪ್ರಿಲ್, ಭಾನುವಾರ

ಬಿಸಿಲು ಹೆಚ್ಚಾಗಿದೆ. ಹಜಾರದಲ್ಲಿ ಮಧ್ಯಾಹ್ನ ಪರೀಕ್ಷೆ ಓಡಿಸಿದರೆ ಗುಹೆ ಬರುವ ಹೊತ್ತಿಗೆ ಪೆಟ್ಟಿಗೆ ಬಿಸಿಯಾಗಿ ಯಂತ್ರ ನಿಂತುಬಿಡುತ್ತದೆ. ನಮ್ಮ ಮನೆಯಲ್ಲಿ ತಣ್ಣಗಿರುವ ಜಾಗ ಒಂದೇ, ಹುಳುಮನೆ. ಕಿಟಕಿಗೆಲ್ಲ ಒದ್ದೆ ಗೋಣಿಚೀಲ ಕಟ್ಟಿರುತ್ತೇವೆ.

ಅಮ್ಮನನ್ನು ಕೇಳಲು ಬಾಯಿ ಬರಲಿಲ್ಲ. ಅತ್ತಿಗೆಯೇ ಕೇಳಿದರು.

"ಹುಳು ಹತ್ರ ಅದ್ಯಾಕಮ್ಮ? ನಾಳೆ ಟಿ.ವಿ.ನೂ ಅಲ್ಲೇ ಇಡಿ. ಹುಳು ಧಾರಾವಾಹಿ ನೋಡ್ಲಿ," ಅಂದರು ಅಮ್ಮ.

"ಹೊಗೆ ಬರಲ್ಲ, ವಾಸನೆ ಬರಲ್ಲ ಅತ್ತೆ. ಅವನು ಅಲ್ಲೇ ಇದ್ರೆ ನನಗೂ ಆಸರೆ. ಹೊತ್ತೊತ್ತಿಗೆ ಸೊಪ್ಪು ಹಾಕ್ತಾನೆ."

ಅಪ್ಪ ತಲೆಯಾಡಿಸಿದರು. ಮೂಲೆಯ ಕಿಟಕಿಯ ಕೆಳಗೆ ಮೇಜು ಹಾಕಿಕೊಂಡೆ. ಹುಳು ಮೂರನೇ ಜ್ವರದಲ್ಲಿವೆ. ಅತ್ತಿಗೆ ಅವುಗಳ ಮೇಲೆ ಸುಣ್ಣದ ಪುಡಿ ಉದುರಿಸಿದರು. ಜ್ವರದಲ್ಲಿ ತಟ್ಟೆ ಒಣಗಿರಬೇಕು.

3,866.

12 ಏಪ್ರಿಲ್, ಗುರುವಾರ

ಪರದೆಯ ಚಿತ್ರಗಳನ್ನು ಬರೆಯುವುದು ಪೆಟ್ಟಿಗೆಯೊಳಗಿನ ಗ್ರಾಫಿಕ್ಸ್ ಕಾರ್ಡು. ಅದನ್ನು ಹದ ಮಾಡಲು ಪರದೆಯ ಮೇಲೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಗುಂಡಿಯನ್ನು ಬಲಕ್ಕೆ ಎಳೆದರೆ ಕಾರ್ಡು ತನ್ನ ಶಕ್ತಿಗಿಂತ ಹೆಚ್ಚು ವೇಗವಾಗಿ ದುಡಿಯುತ್ತದೆ. ಎಲ್ಲ ಇಂಗ್ಲಿಷಿನಲ್ಲಿದೆ. ಸೊಪ್ಪು ಹಾಕಿ ಮುಗಿದ ಮೇಲೆ ಅತ್ತಿಗೆ ನನ್ನ ಪಕ್ಕ ಕೂತು ಓದಿದರು.

"ಕೋರ್ ಕ್ಲಾಕ್. ಕ್ಲಾಕ್ ಅಂದ್ರೆ ಗಡಿಯಾರ. ಗಡಿಯಾರ ಯಾಕಪ್ಪ ಇಲ್ಲಿ?"

"ಗಡಿಯಾರ ಓಡಿದ ಹಾಗೆ ಅದೂ ಓಡತ್ತೆ ಅನ್ಸತ್ತೆ ಅತ್ತಿಗೆ. ಜಾಸ್ತಿ ಓಡಿಸಿದ್ರೆ ಬಿಸಿ ಆಗತ್ತೆ."

"ಎಷ್ಟು ಚೆನ್ನಾಗಿ ಹೇಳ್ದೆ. ನನಗೆ ಎರಡು ವರ್ಷ ಪಾಠ ಹೇಳಿದೋರು ಯಾರೂ ಹಿಂಗೆ ಹೇಳಿರಲಿಲ್ಲ."

ನನ್ನ ಕಿವಿ ಬಿಸಿಯಾಯಿತು. ಅವರು ಇಂಗ್ಲಿಷಿನ ಸಣ್ಣ ಅಕ್ಷರಗಳನ್ನು ಒಂದು ಹಾಳೆಯಲ್ಲಿ ಬರೆದು ಮೇಜಿನ ಮುಂದೆ ಗೋಡೆಗೆ ಅಂಟಿಸಿದರು. ನನಗೆ ದೊಡ್ಡವು ಮಾತ್ರ ಬರುತ್ತಿದ್ದವು.

ಗುಂಡಿಯನ್ನು ಒಂದೊಂದೇ ಮೆಟ್ಟಿಲು ಎಳೆದು ನೋಡಿದೆ. ಹೆಚ್ಚು ಎಳೆದರೆ ಸಮುದ್ರದ ಮೇಲೆ ಹಸಿರು ಚುಕ್ಕೆಗಳು ಬರುತ್ತವೆ. ಚುಕ್ಕೆ ಬಂದರೆ ಹಿಂದೆ ಬರಬೇಕು. ಒಂದು ಸಲದ ಪರೀಕ್ಷೆಗೆ ಆರು ನಿಮಿಷ. ಇವತ್ತು ಒಂಬತ್ತು ಸಲ ಓಡಿಸಿದೆ. 4,058.

15 ಏಪ್ರಿಲ್, ಭಾನುವಾರ

ನಾಲ್ಕನೇ ಜ್ವರ ಎದ್ದವು. ಒಂದು ಹುಳುವೂ ಹಿಂದೆ ಬಿದ್ದಿಲ್ಲ. ಪಕ್ಕದ ತೋಟದ ವೆಂಕಟರವಣಪ್ಪ ಬಾಗಿಲಲ್ಲೇ ನಿಂತು ಇಣುಕಿ, "ಏನಮ್ಮ ಶೈಲಜಾ, ಹುಳುಗೆ ನಿಮ್ಮ ಪೆರೇಸಂದ್ರದ ಊಟ ಹಾಕ್ತಿದೀಯಾ? ಹೆಬ್ಬೆರಳು ಗಾತ್ರ ಬಂದವೆ," ಅಂದರು. ಅಮ್ಮನ ಮುಖದಲ್ಲೂ ಒಂದು ನಗು ಬಂದು ಹೋಯಿತು.

ಅತ್ತಿಗೆ ಅರ್ಜಿಗೆ ಅಂಟಿಸುವ ಫೋಟೊ ತೆಗೆಸಿಕೊಂಡು ಬಂದಿದ್ದಾರೆ. ನನಗೆ ತೋರಿಸಿದರು. "ಮೇಷ್ಟ್ರ ಹಂಗಿದೀನಾ?" ಅಂದರು. ಹೂಂ ಅಂದೆ.

ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ, ಕಿಟಕಿಯ ಹತ್ತಿರ ಟೇಬಲ್ ಫ್ಯಾನ್ ಇಟ್ಟು ಗಾಳಿ ಪೆಟ್ಟಿಗೆಯ ಒಳಗಿಂದ ಹಾದು ಹೋಗುವ ಹಾಗೆ ಮಾಡಿದೆ. ಒದ್ದೆ ಗೋಣಿಯ ತಂಪು ನೇರ ಕಾರ್ಡಿಗೆ ತಗುಲುತ್ತದೆ. 4,190. ಇನ್ನು ನೂರಿಪ್ಪತ್ತೊಂದು ಬಂದರೆ ಬೋರ್ಡಿನ ಹತ್ತನೆಯವನು ಅಳಿಸಿಹೋಗುತ್ತಾನೆ.

17 ಏಪ್ರಿಲ್, ಮಂಗಳವಾರ

ಬೆಳಿಗ್ಗೆ ನೋಡಿದರೆ ಪೆಟ್ಟಿಗೆಯ ಒಳಗೆ ಇರುವೆ ಸಾಲು. ಬೆಚ್ಚಗಿದೆ ಎಂದು ಮೊಟ್ಟೆ ಹೊತ್ತುಕೊಂಡು ಸಂಸಾರ ಸಮೇತ ಬಂದಿದ್ದವು. ಕಾರ್ಡಿನ ಸಣ್ಣ ಫ್ಯಾನಿನಲ್ಲಿ ಎರಡು ಸತ್ತು ಅಂಟಿಕೊಂಡಿದ್ದವು. ಫ್ಯಾನು ನಿಂತರೆ ಕಾರ್ಡು ಸುಡುತ್ತದೆ.

ಅಡುಗೆಮನೆಯಲ್ಲಿ ಸಕ್ಕರೆ ಡಬ್ಬದ ಹಿಂದೆ ಇರುವೆಗೆ ಗೆರೆ ಎಳೆಯುವ ಸೀಮೆಸುಣ್ಣ ಇತ್ತು. ಅತ್ತಿಗೆ ಬಸ್ ಸ್ಟ್ಯಾಂಡಿನಲ್ಲಿ ಕೊಂಡದ್ದು. ಅವರು ತೋಟಕ್ಕೆ ಹೋಗಿದ್ದರು. ತಂದು ಪೆಟ್ಟಿಗೆಯ ಸುತ್ತ ಗೆರೆ ಎಳೆದೆ. ಒಳಗಿನ ಸಂದುಗಳಿಗೆ ಗೆರೆ ಎಳೆಯಲಾಗದೆ ಅರ್ಧ ಕಡ್ಡಿ ಪುಡಿ ಮಾಡಿ ಉದುರಿಸಿದೆ. ಇರುವೆ ಖಾಲಿ. ಉಳಿದ ತುಂಡನ್ನು ಸಕ್ಕರೆ ಡಬ್ಬದ ಹಿಂದೆಯೇ ಇಟ್ಟು ಬಂದೆ.

ಫ್ಯಾನು ಜೋರಾಗಿ ಇಟ್ಟು ಮಧ್ಯಾಹ್ನದವರೆಗೆ ಓಡಿಸಿದೆ. 4,287. ಇನ್ನು ಇಪ್ಪತ್ತನಾಲ್ಕು.

18 ಏಪ್ರಿಲ್, ಬುಧವಾರ

ಕಿಟಕಿ ಪಕ್ಕದ ಸ್ಟ್ಯಾಂಡಿನ ಹುಳು ಬೆಳಿಗ್ಗೆ ಹಾಕಿದ ಸೊಪ್ಪು ತಿಂದಿಲ್ಲ. ಅತ್ತಿಗೆ ಮೂರು ಸಲ ಬಂದು ನೋಡಿದರು. ಸೆಕೆಗೆ ಇರಬೇಕು ಅಂದೆ. ಗೋಣಿಗೆ ಇನ್ನಷ್ಟು ನೀರು ಹಾಕಿದೆವು. 4,287ರಲ್ಲೇ ನಿಂತಿದೆ.

19 ಏಪ್ರಿಲ್, ಗುರುವಾರ

ಹುಳು ತಲೆ ಎತ್ತಿ ಆಚೆ ಈಚೆ ಆಡಿಸುತ್ತವೆ. ಬಾಯಿಂದ ಹಸಿರು ನೀರು. ಮುಟ್ಟಿದರೆ ಮುದುಡುತ್ತವೆ. ಮೊದಲು ಕಿಟಕಿಯ ಪಕ್ಕ, ಆಮೇಲೆ ನಡುವಿನ ಸಾಲು, ಹೊತ್ತು ಇಳಿಯುವಷ್ಟರಲ್ಲಿ ಎಲ್ಲ.

ಅಪ್ಪ ಮೊದಲು ವೆಂಕಟರವಣಪ್ಪನ ಟೊಮೇಟೊ ತೋಟಕ್ಕೆ ಓಡಿದರು, ಅವರು ಔಷಧಿ ಹೊಡೆದು ಅದು ನಮ್ಮ ಸೊಪ್ಪಿಗೆ ಬಿದ್ದಿದೆಯೇನೋ ಎಂದು. ವೆಂಕಟರವಣಪ್ಪ ತಾವೇ ಬಂದರು. ಒಂದು ಹುಳುವನ್ನು ಅಂಗೈಯಲ್ಲಿಟ್ಟು ನೋಡಿದರು.

"ಇದು ಮಂದು ಆವಲಪ್ಪ. ಔಷಧೀನೇ. ಆದ್ರೆ ನನ್ನ ತೋಟದ್ದಲ್ಲಪ್ಪ, ನಾನು ಹೊಡೆದು ಇಪ್ಪತ್ತು ದಿನ ಆಯ್ತು. ಬೇಕಾದ್ರೆ ಡಬ್ಬ ನೋಡು. ಸೊಪ್ಪಿಂದಾದ್ರೆ ಎಲ್ಲ ತಟ್ಟೇಲೂ ಒಟ್ಟಿಗೇ ಶುರುವಾಗ್ತಿತ್ತು. ಮನೇಲಿ ಏನಾದ್ರೂ ಇಟ್ಟಿದೀರಾ? ಜಿರಳೆಗೆ, ಇರುವೆಗೆ?"

"ಇರುವೆ ಸೀಮೆಸುಣ್ಣ ಇದೆ," ಅಂದರು ಅತ್ತಿಗೆ. ಕೇಳಿದ ತಕ್ಷಣ ಹೇಳಿಬಿಟ್ಟರು. ಅವರು ಹಾಗೆಯೇ.

"ಅಯ್ಯೋ. ಅದೇ ವಿಷ ಕಣಮ್ಮ. ಅದನ್ನ ಮುಟ್ಟಿದ ಕೈಲಿ ಸೊಪ್ಪು ಹಾಕಿದ್ರೂ ಸಾಕು."

ಅತ್ತಿಗೆ ಅಡುಗೆಮನೆಯಿಂದ ಆ ತುಂಡು ತಂದರು. ಅದನ್ನೇ ನೋಡುತ್ತಾ ನಿಂತರು.

"ಇಷ್ಟು ಸವೆದಿರಲಿಲ್ಲ ಅತ್ತೆ," ಅಂದರು.

"ಸವೆದಿದ್ದೆಲ್ಲ ನಿನ್ನ ಕೈಗೇ ಅಂಟಿರೋದು," ಅಂದರು ಅಮ್ಮ.

ನಾನು ಬಾಗಿಲ ಹಿಂದೆ ಇದ್ದೆ. ಎಲ್ಲರೂ ಅಂಗಳಕ್ಕೆ ಹೋದ ಮೇಲೆ ಒದ್ದೆ ಬಟ್ಟೆಯಲ್ಲಿ ಪೆಟ್ಟಿಗೆಯ ಒಳಗೂ ಮೇಜಿನ ಮೇಲೂ ಒರೆಸಿದೆ. ಬಟ್ಟೆಯನ್ನು ನೀರೊಲೆಗೆ ಹಾಕಿದೆ.

ಆ ಪುಡಿ ಸುಣ್ಣದ ಹಾಗೇ ಇತ್ತು. ನಾವೇ ಹುಳುವಿನ ಮೇಲೆ ಸುಣ್ಣ ಹಾಕುತ್ತೇವೆ.

20 ಏಪ್ರಿಲ್, ಶುಕ್ರವಾರ

ತಿಪ್ಪೆಯ ಪಕ್ಕ ಗುಂಡಿ ತೋಡಿ ಎಲ್ಲ ಹಾಕಿ ಮುಚ್ಚಿದೆವು. ನಾನು ಮತ್ತು ಅಪ್ಪ.

ಮಧ್ಯಾಹ್ನ ಅತ್ತಿಗೆ ಅಮ್ಮನಿಗೆ ಹೇಳುತ್ತಿದ್ದರು. "ಸೋಮವಾರ ಸಕ್ಕರೆ ಡಬ್ಬದ ಸುತ್ತ ಗೆರೆ ಎಳೆದೆ ಅತ್ತೆ. ಸೋಪು ಹಾಕಿ ಕೈ ತೊಳ್ಕೊಂಡೇ ಬಂದೆ. ತೊಳ್ಕೊಂಡೆ ಅಂತಾನೇ ನೆನಪು."

"ನೆನಪಂತೆ. ಹತ್ತು ತಟ್ಟೆ ಹುಳು ನೋಡ್ಕೊಳಕ್ಕಾಗ್ದೋಳು ನಲವತ್ತು ಮಕ್ಕಳನ್ನ ನೋಡ್ಕೋತಾಳಂತೆ."

ನಾಳೆ ಬೆಳಿಗ್ಗೆ ಅಪ್ಪನಿಗೆ ಹೇಳುತ್ತೇನೆ. ಅಮ್ಮನಿಗಿಂತ ಮೊದಲು ಅಪ್ಪನಿಗೆ.

21 ಏಪ್ರಿಲ್, ಶನಿವಾರ

ಅಪ್ಪ ಬೆಳಿಗ್ಗೆಯೇ ಶಿಡ್ಲಘಟ್ಟಕ್ಕೆ ಹೋಗಿದ್ದರು.

22 ಏಪ್ರಿಲ್, ಭಾನುವಾರ

ಹೇಳಲು ಹೋದೆ. ಅಪ್ಪ ಅಂಗಳದಲ್ಲಿ ಗಡ್ಡ ಮಾಡಿಕೊಳ್ಳುತ್ತಿದ್ದರು. "ಏನೋ?" ಅಂದರು ಕನ್ನಡಿಯಲ್ಲೇ ನೋಡಿ. "ಬಿಸಿನೀರು ಕಾದಿದೆ" ಅಂದೆ.

ಹೇಳಿದರೆ ಏನಾಗುತ್ತದೆ ಎಂದು ನನಗೆ ಗೊತ್ತು. ಯಂತ್ರವನ್ನು ಬಾವಿಗೆ ಹಾಕುತ್ತಾರೆ. ಅಣ್ಣ ತಡೆಯುವುದಿಲ್ಲ, ಅವನಿಗೆ ಅದರಿಂದ ಏನಾಗಬೇಕು?

24 ಏಪ್ರಿಲ್, ಮಂಗಳವಾರ

ಅತ್ತಿಗೆಯನ್ನು ತವರಿಗೆ ಕಳಿಸಿದರು. ಸ್ವಲ್ಪ ದಿನ ಇದ್ದು ಬರಲಿ ಎಂದರು ಅಮ್ಮ. ಎಷ್ಟು ದಿನ ಎಂದು ಯಾರೂ ಹೇಳಲಿಲ್ಲ. ಹೊರಡುವ ಮೊದಲು ಅವರು ಅಪ್ಪನ ಕಾಲಿಗೆ ಬಿದ್ದು, "ತಪ್ಪಾಯ್ತು ಮಾವ. ಅದು ವಿಷ ಅಂತ ಗೊತ್ತಿರಲಿಲ್ಲ," ಅಂದರು.

ಅಪ್ಪ, "ಹೋಗ್ಲಿ ಬಿಡಮ್ಮ," ಅಂದರು. ಅರ್ಜಿಯ ಮಾತು ತೆಗೆಯಲಿಲ್ಲ. ಅವರಾಗಲಿ ಇವರಾಗಲಿ.

ಬಸ್ಸಿನವರೆಗೆ ಬ್ಯಾಗು ಹೊತ್ತುಕೊಂಡು ಹೋದವನು ನಾನು. ದಾರಿಯಲ್ಲಿ ನಾವಿಬ್ಬರೇ. ಅರ್ಧ ಮೈಲಿ ಇದೆ.

"ನಿನ್ನ ಬೆಳೇನೂ ಹಾಳು ಮಾಡಿಬಿಟ್ಟೆ ಅಲ್ವಾ ಚಲಪತಿ. ನೀನೆಷ್ಟು ಸೊಪ್ಪು ಹೊತ್ತಿದ್ದೆ," ಅಂದರು.

ಹೇಳಬೇಕೆಂದು ಬ್ಯಾಗು ಕೆಳಗಿಟ್ಟೆ. ಅಷ್ಟರಲ್ಲಿ ಬಸ್ಸು ಬಂತು.

6 ಮೇ, ಭಾನುವಾರ

ಬರೆದು ಬಹಳ ದಿನವಾಯಿತು. ಹುಳುಮನೆಯನ್ನು ತೊಳೆದು ಬ್ಲೀಚಿಂಗ್ ಪುಡಿ ಹಾಕಿ ಖಾಲಿ ಬಿಟ್ಟಿದ್ದಾರೆ. ಯಂತ್ರ ಅಲ್ಲೇ ಇದೆ. ಸೊಪ್ಪಿಲ್ಲ, ತಟ್ಟೆಯಿಲ್ಲ, ನಡುವೆ ಎದ್ದು ಹೋಗುವ ಕೆಲಸವಿಲ್ಲ. ಎಲ್ಲ ಕಿಟಕಿಗೂ ಗೋಣಿ ಕಟ್ಟಿಕೊಂಡಿದ್ದೇನೆ. ನಸುಕಿನಲ್ಲಿ ಪಂಪ್‌ಸೆಟ್ಟುಗಳು ಶುರುವಾಗುವ ಮೊದಲು ಕರೆಂಟು ಸಮನಾಗಿರುತ್ತದೆ. ಆಗ ಓಡಿಸಿದರೆ ಕಾರ್ಡು ಇನ್ನೊಂದು ಮೆಟ್ಟಿಲು ತಡೆಯುತ್ತದೆ, ಹಸಿರು ಚುಕ್ಕೆ ಬರುವುದಿಲ್ಲ.

ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ನಾನೇ ಕಂಡುಕೊಂಡೆ.

4,352.

ಸೀಮೆಸುಣ್ಣ ಕೊಂಡು ತಂದವರು ಅತ್ತಿಗೆ. ಹುಳು ಇರುವ ಮನೆಗೆ ಅದನ್ನು ತರಬಾರದಿತ್ತು. ಅವರೂ ಸೋಮವಾರ ಗೆರೆ ಎಳೆದಿದ್ದರಲ್ಲ. ಕೈ ತೊಳೆದರೋ ಇಲ್ಲವೋ ಅವರಿಗೇ ನೆನಪಿಲ್ಲ. ನನ್ನದರಿಂದಲೇ ಆಯಿತು ಎಂದು ಹೇಳಲು ಯಾರಿಗಾದರೂ ಹೇಗೆ ಆಗುತ್ತದೆ?

13 ಮೇ, ಭಾನುವಾರ

ಅಂಕ ಬಂದ ಪರದೆಯ ಚಿತ್ರವನ್ನು ಫ್ಲಾಪಿಗೆ ಹಾಕಿಕೊಂಡು ಒಬ್ಬನೇ ಚಿಕ್ಕಬಳ್ಳಾಪುರಕ್ಕೆ ಹೋದೆ. ಜಗನ್ ತೆರೆದು ನೋಡಿದ. ಎರಡು ಸಲ ನೋಡಿದ.

"ಲೋ, ಈ ಕಾರ್ಡಲ್ಲಿ ನಾಲ್ಕು ಸಾವಿರ ದಾಟಿದ್ದೇ ನಾನು ನೋಡಿಲ್ಲ. ಏನ್ ಮಾಡ್ದೆ ಗುರು? ಐಸ್ ಗಡ್ಡೆ ಮೇಲೆ ಕೂರಿಸಿದ್ಯಾ?"

ಹೇಳಿದೆ. ತಗಡು ಬಿಚ್ಚಿದ್ದು, ಒದ್ದೆ ಗೋಣಿ, ಪಂಪ್‌ಸೆಟ್ಟಿನ ಹೊತ್ತು. ಅಲ್ಲಿದ್ದ ನಾಲ್ಕು ಜನ ಹುಡುಗರು ಸುಮ್ಮನೆ ಕೇಳಿದರು. ಯಾರೂ ನಗಲಿಲ್ಲ. ನಾನು ಅಷ್ಟು ಹೊತ್ತು ನಿಲ್ಲಿಸದೆ ಮಾತಾಡಿದ್ದು ಇದೇ ಮೊದಲು ಇರಬೇಕು.

ಜಗನ್ ಬೋರ್ಡಿನ ಹತ್ತಿರ ಹೋಗಿ ಹತ್ತನೆಯವನನ್ನು ಅಳಿಸಿ ನನ್ನ ಹೆಸರು ಬರೆದ. "ಕಾಲೇಜ್?" ಅಂದ.

"ಡಿ.ಎಡ್. ಚಿಂತಾಮಣೀಲಿ," ಅಂದೆ.

ಎಲ್ಲಿಂದ ಬಂತೋ. ತಡವರಿಸಲೂ ಇಲ್ಲ. ಒಬ್ಬ ಹುಡುಗ, "ಓ, ಮೇಷ್ಟ್ರು," ಅಂದ. ಟೀ ತರಿಸಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಒಳ್ಳೆಯ ಗಾಳಿ ಬರುತ್ತಿತ್ತು.

10 ಜೂನ್, ಭಾನುವಾರ

ಅಣ್ಣ ಹೋಗಿ ಅತ್ತಿಗೆಯನ್ನು ಕರೆದುಕೊಂಡು ಬಂದ. ಇಳಿದುಹೋಗಿದ್ದಾರೆ. ಅರ್ಜಿ ಹಾಕುವ ಕೊನೆಯ ದಿನ ಶುಕ್ರವಾರವೇ ಮುಗಿಯಿತಂತೆ. ಅಣ್ಣ ಊಟ ಮಾಡುವಾಗ ಹೇಳಿದ, ಬಸ್ಸಿನ ಸಮಯ ಹೇಳುವ ಹಾಗೆ.

ನಾಳೆ ಹೊಸ ಹುಳು ಬರುತ್ತವೆ. ಅಮ್ಮ ಯಂತ್ರವನ್ನು ಹಜಾರಕ್ಕೆ ತರಿಸಿದರು. ಅತ್ತಿಗೆ ಹುಳುಮನೆಯ ಹೊಸ್ತಿಲು ದಾಟಕೂಡದು ಎಂದು ಯಾರೂ ಹೇಳಿಲ್ಲ. ಅವರೇ ದಾಟುವುದಿಲ್ಲ. ಸೊಪ್ಪಿನ ಹೊರೆಯನ್ನೂ ಮುಟ್ಟುವುದಿಲ್ಲ. ಕತ್ತರಿಸು ಎಂದು ಅಮ್ಮನೇ ಹೇಳಿದಾಗ, "ನನ್ನ ಕೈ ಸರಿಯಿಲ್ಲ ಅತ್ತೆ," ಅಂದರು. ಕೋಪದಿಂದಲ್ಲ. ಕಾಲು ನೋಯುತ್ತಿದೆ ಎಂದ ಹಾಗೆ.

ಹಜಾರದಲ್ಲಿ ಅಂಕ 4,120ಕ್ಕೆ ಇಳಿದಿದೆ. ಜಾಗ ಬದಲಾಯಿಸಬಾರದಿತ್ತು.

17 ಜೂನ್, ಭಾನುವಾರ

ಮೊದಲ ಮಳೆ ಬಿದ್ದು ಹಜಾರ ತಣ್ಣಗಾಗಿದೆ. ಬೆಳಿಗ್ಗೆ 4,366.

ಅಣ್ಣ ತಿಂಡಿ ತಿನ್ನುತ್ತಾ ಅತ್ತಿಗೆಗೆ, "ಕಾಲೇಜು ಹೋದ್ರೆ ಹೋಗ್ಲಿ ಬಿಡು. ಮನೇಲೇ ಕಂಪ್ಯೂಟರ್ ಕಲಿ. ಚಲಪತಿ ಹೇಳ್ಕೊಡ್ತಾನೆ. ಬೋರ್ಡ್ ಮೇಲೆ ಹೆಸರು ಹಾಕ್ಸಿರೋ ದೊಡ್ಡ ಮನುಷ್ಯ," ಅಂದ. ಜಗನ್ ಎಲ್ಲ ಹೇಳಿಬಿಟ್ಟನೋ ಎಂದುಕೊಂಡೆ. ಅಣ್ಣನಿಗೆ ಹೆಸರಿನ ಸುದ್ದಿ ಮಾತ್ರ ಗೊತ್ತು. ಕಾಲೇಜಿನದು ಗೊತ್ತಿಲ್ಲ.

ಅಣ್ಣ ಹೊರಗೆ ಹೋದ ಮೇಲೆ ಅತ್ತಿಗೆ ಬಂದು ನನ್ನ ಹಿಂದೆ ನಿಂತರು. ಬಹಳ ಹೊತ್ತು ಪರದೆಯನ್ನು ನೋಡಿದರು. ಸಮುದ್ರ ಬಂತು, ಹಡಗು ಬಂತು. ಅವರ ಬೆರಳುಗಳ ಸಂದಿನಲ್ಲಿ ಚರ್ಮ ಬಿರಿದಿದೆ. ದಿನಕ್ಕೆ ಎಷ್ಟು ಸಲವೋ ಸೋಪು ಹಾಕಿ ಉಜ್ಜುತ್ತಾರೆ. ಸೋಪು ಬೇಗ ಖಾಲಿಯಾಗುತ್ತದೆ ಎಂದು ಅಮ್ಮ ಗೊಣಗುತ್ತಾರೆ.

"ಇದನ್ನ ನಾನು ಮುಟ್ಟಬಹುದಾ ಚಲಪತಿ?" ಅಂದರು.

ನಾನು ತಿರುಗಿ ನೋಡಿದೆ.

"ಅಲ್ಲ, ನನ್ನ ಕೈಯಿಂದ ಇದಕ್ಕೂ ಏನಾದ್ರೂ ಆದ್ರೆ. ನೀನು ಇಷ್ಟು ಕಷ್ಟಪಟ್ಟು ಮಾಡಿದೀಯ."

ಮನೆಯಲ್ಲಿ ಯಾರೂ ಇರಲಿಲ್ಲ. ಅಪ್ಪ ಅಮ್ಮ ತೋಟದಲ್ಲಿದ್ದರು. ಒಂದೇ ಮಾತು ಹೇಳಬೇಕಾಗಿತ್ತು, ಅದು ನಾಲಗೆಯ ತುದಿಗೇ ಬಂದಿತ್ತು. ಆಗ ಮಾತಾಡಲು ನನಗೆ ಏನೂ ಕಷ್ಟವಿರಲಿಲ್ಲ. ಈಗೀಗ ನಾನು ಚೆನ್ನಾಗಿಯೇ ಮಾತಾಡುತ್ತೇನೆ.

"ಏನೂ ಆಗಲ್ಲ," ಅಂದೆ. "ಕೈ ತೊಳ್ಕೊಂಡು ಬನ್ನಿ ಅತ್ತಿಗೆ."

ಅವರು ಹಿತ್ತಲಿಗೆ ಹೋದರು. ಅವರು ಬರುವಷ್ಟರಲ್ಲಿ ಇನ್ನೊಂದು ಸಲ ನೋಡೋಣ ಎಂದು ಪರೀಕ್ಷೆ ಶುರು ಮಾಡಿದೆ. ಸಮುದ್ರ ಮುಗಿಯಿತು, ಗುಹೆ ಮುಗಿಯಿತು. 4,391. ಇಲ್ಲಿಯವರೆಗೆ ಬಂದದ್ದರಲ್ಲಿ ಇದೇ ಹೆಚ್ಚು.

ಹಿತ್ತಲಿನಲ್ಲಿ ಚೊಂಬಿನಿಂದ ನೀರು ಸುರಿಯುವ ಸದ್ದು ಆಗಲೂ ಕೇಳುತ್ತಿತ್ತು.